ವ್ರತಕ್ಕೆ ಮೊದಲೇ ಕೂಡಿಟ್ಟ ಹುಳಿ

ಆಷಾಢದ ಪ್ರಥಮೈಕಾದಶಿ ಕಳೆದು ಚಾತುರ್ಮಾಸ್ಯದ ಶಾಕವ್ರತ ಶುರುವಾದರೆ ಮಾಧ್ವರ ಅಡುಗೆಮನೆಯಿಂದ ತರಕಾರಿ, ಸೊಪ್ಪು, ಮೆಣಸಿನಕಾಯಿ, ಹುಣಸೆ ಎಲ್ಲವೂ ಒಂದು ತಿಂಗಳು ಹೊರಗೆ. ಕಾರಕ್ಕೆ ಕಾಳುಮೆಣಸು, ಹುಳಿಗೆ ಮಾವು. ಆದರೆ ವ್ರತ ಮುಗಿಯುವಷ್ಟರಲ್ಲಿ ಮಾವಿಗೆ ಹೆಸರಾದ ಶ್ರೀನಿವಾಸಪುರದ ತೋಪುಗಳಲ್ಲೂ ಅದು ಮುಗಿದಿರುತ್ತದೆ. ಹಾಗಾಗಿ ಬೇಸಿಗೆಯಲ್ಲೇ ಕಾಯಿಯ ಸಿಪ್ಪೆ ಹೆರೆದು, ಹೋಳು ಮಾಡಿ, ಕಲ್ಲುಪ್ಪು ಬೆರೆಸಿಡುತ್ತಾರೆ. ಮರುದಿನ ನೀರೊಡೆದ ಹೋಳನ್ನು ಬಸಿದು, ತೊಗಲಿನಂತೆ ಬಾಗುವವರೆಗೆ ಬಿಸಿಲಿಗೆ ಹಾಕುತ್ತಾರೆ. ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ ಕೇಕಿಗೆಂದು ಒಣಹಣ್ಣು ಹೆಚ್ಚಿ ರಮ್ಮಿನಲ್ಲಿ ನೆನೆಹಾಕಿದರೆ ಯಾರೂ ಆಕ್ಷೇಪಿಸುವುದಿಲ್ಲ, ಅದು ಉಣ್ಣುವುದಕ್ಕೆ ಮಾಡುವ ತಯಾರಿ. ಇದು ಬಿಡುವುದಕ್ಕೆ ಮಾಡುವ ತಯಾರಿ. ಬಿಡುತ್ತೇನೆಂದು ಸಂಕಲ್ಪಿಸುವವರು ಬದಲಿ ರುಚಿಯನ್ನು ಮೊದಲೇ ಕೂಡಿಟ್ಟುಕೊಂಡರೆ ಅದು ವ್ರತವೋ, ವ್ರತದ ಕಣ್ಣಿಗೆ ಮಣ್ಣೆರಚುವುದೋ?

ವ್ರತವೇ ಎಂದು ನನ್ನ ವಾದ. ನಾಲ್ಕು ತಿಂಗಳ ಕ್ರಮವನ್ನೇ ನೋಡಿ. ಮೊದಲ ತಿಂಗಳು ಬಿಟ್ಟ ತರಕಾರಿ ಎರಡನೆಯ ತಿಂಗಳು ಎಲೆಗೆ ಮರಳುತ್ತದೆ, ಮೊಸರು ಹೊರಗುಳಿಯುತ್ತದೆ. ಆಮೇಲೆ ಹಾಲಿನ ಸರದಿ, ಕೊನೆಗೆ ದ್ವಿದಳ ಧಾನ್ಯದ್ದು. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ, ಕೆಟ್ಟದ್ದಾಗಿದ್ದರೆ ಮರಳಿ ಬರುತ್ತಲೇ ಇರಲಿಲ್ಲ. ನಾಲಗೆಯನ್ನು ದಂಡಿಸುವುದೇ ಗುರಿಯಾಗಿದ್ದರೆ ಮಾವಿಗೂ ಅಪ್ಪಣೆ ಸಿಗುತ್ತಿರಲಿಲ್ಲ. 15ನೇ ಶತಮಾನದ ಮಾಧ್ವ ಯತಿ, ಮುಳಬಾಗಿಲಿನ ಶ್ರೀಪಾದರಾಜರು ದೇವರಿಗೆ ಹತ್ತಾರು ಬಗೆಯ ಶಾಕ-ಭಕ್ಷ್ಯಗಳನ್ನು ನಿವೇದಿಸುತ್ತಿದ್ದರೆಂದು ಸಂಪ್ರದಾಯ ನೆನೆಯುತ್ತದೆ. ಶಾಕವ್ರತವೂ ಅದೇ ಪರಂಪರೆಯದು. ರುಚಿಗೆ ಹಗೆಯಲ್ಲದ ಈ ನಿಯಮ ಬಿಡಿಸುವುದು, ಬೇಕೆಂದಾಗ ಬೇಕಾದ್ದು ಸಿಗಲೇಬೇಕೆಂಬ ಹಟವನ್ನು. ಬೇಸಿಗೆಯಲ್ಲೇ ಹೋಳು ಒಣಗಿಸುವವರು ತಿಂಗಳುಗಳ ಮೊದಲೇ ಆ ಹಟ ಬಿಟ್ಟು ಪಂಚಾಂಗಕ್ಕೆ ತಲೆಬಾಗಿರುತ್ತಾರೆ.

ಗೀತೆಯ 17ನೇ ಅಧ್ಯಾಯ ಹಳಸಿದ, ರಸಗೆಟ್ಟ ಆಹಾರವನ್ನು ತಾಮಸವೆನ್ನುತ್ತದೆ, ತಿಂಗಳುಗಟ್ಟಲೆ ಇಟ್ಟ ಹೋಳು ಹೇಗೆ ಸಲ್ಲುತ್ತದೆ ಎಂದು ಕೇಳಬಹುದು. ಅಲ್ಲಿ ಹೇಳಿರುವುದು ರಸಗೆಡುವುದರ ಬಗ್ಗೆ; ಉಪ್ಪು ಮತ್ತು ಬಿಸಿಲು ನೀರನ್ನು ತೆಗೆದು ಹುಳಿಯನ್ನು ಉಳಿಸುತ್ತವೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಬದಲಿಗಳು ಹೆಚ್ಚಿದಂತೆ ವ್ರತದಡುಗೆಯೇ ಹಬ್ಬದೂಟವಾಗಿ, ಬಿಟ್ಟದ್ದೇನೆಂಬುದೇ ಮರೆತುಹೋಗುವುದಿಲ್ಲವೆ? ಹೋಗುತ್ತದೆ, ಅದನ್ನು ಒಪ್ಪಲೇಬೇಕು. ವರ್ಷವಿಡೀ ಅಂಗಡಿಯಲ್ಲಿ ಸಿಗುವ ಮಾವಿನಪುಡಿಯ ಪೊಟ್ಟಣ ತಂದವರಿಗೆ ಕಾಯುವ ಕೆಲಸವೇ ಇಲ್ಲ. ಒಂದು ತಿಂಗಳಿಗಾಗುವಷ್ಟನ್ನೇ ಅಳೆದು ಒಣಗಿಸಿದವರ ಡಬ್ಬಿ ನಡುವೆ ಖಾಲಿಯಾದರೆ, ಹುಣಸೆ ಮರಳುವವರೆಗೆ ಅವರ ಸಾರು ಸಪ್ಪೆ.