ಓದುವ ಅಧಿಕಾರ, ಆಳುವ ಅಧಿಕಾರ

ಶ್ರವಣಬೆಳಗೊಳ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹೋಬಳಿ. ಅಲ್ಲಿನ ಭಂಡಾರಿ ಬಸದಿಯಲ್ಲಿ 1368ರ ಒಂದು ಶಾಸನವಿದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟಿದ್ದರು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರ ಎದುರಿಗೆ ಅರಸ ಜೈನರ ಕೈಹಿಡಿದು ಶ್ರೀವೈಷ್ಣವರ ಕೈಗೆ ಒಪ್ಪಿಸಿದ. ಪಂಚಮಹಾವಾದ್ಯ ಮತ್ತು ಕಲಶ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು, ಜೈನದರ್ಶನಕ್ಕೆ ಬಂದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ತಿಳಿಯಬೇಕು ಎಂದು ಕಟ್ಟಳೆ ಮಾಡಿದ.

ಈ ತೀರ್ಪಿನಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಜಗತ್ತಿಗೆ ಕರ್ತೃವೊಬ್ಬನಿದ್ದಾನೆಯೇ, ವೇದ ಪ್ರಮಾಣವೇ ಎಂದು ಈ ಎರಡು ಪರಂಪರೆಗಳು ಶತಮಾನಗಳಿಂದ ವಾದಿಸಿಕೊಂಡು ಬಂದಿದ್ದವು. ಬುಕ್ಕರಾಯ ಆ ವಾದಕ್ಕೆ ಕೈಹಾಕಲಿಲ್ಲ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದನಾದರೂ, ಅದನ್ನು ಸಿದ್ಧಾಂತದ ಮಾತಾಗಿ ಓದುವಂತಿಲ್ಲ. ಶಾಸನದ ಉಳಿದ ಭಾಗ ವಾದ್ಯ, ಕಲಶ, ಬೆಳಗೊಳದ ದೇವರ ಕಾವಲು, ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಯುವುದು ಇಂಥ ವ್ಯವಹಾರಗಳಿಗೇ ಮೀಸಲು. ಇದು ಇಂದಿನ ಅರ್ಥದ ಸಮಾನತೆಯೂ ಅಲ್ಲ. ಇಪ್ಪತ್ತು ಮಂದಿ ಕಾವಲಿನವರ ಖರ್ಚಿಗೆ ಮನೆಗೆ ವರ್ಷಕ್ಕೊಂದು ಹಣದಂತೆ ಕೊಡಬೇಕಾದವರು ಜೈನರೇ. ಅದನ್ನು ಎತ್ತುವ ಹೊಣೆ ಹೊತ್ತವನು ತಿರುಮಲೆಯ ತಾತಯ್ಯ. ಆದರೂ ಅರಸ ಒಂದು ಗೆರೆಯನ್ನು ದಾಟಲಿಲ್ಲ. ರಾಜಕೀಯ ತತ್ತ್ವಶಾಸ್ತ್ರ ಇಂದಿಗೂ ಆ ಗೆರೆಯನ್ನು ಹುಡುಕುತ್ತಿದೆ.

ಧರ್ಮಗ್ರಂಥದ ಒಂದು ಮಾತಿಗೆ ಅರ್ಥವೇನೆಂದು ಹೇಳುವ ಅಧಿಕಾರ ಒಂದು. ಜನರಿಂದ ಬಲವಂತವಾಗಿ ಏನನ್ನಾದರೂ ಮಾಡಿಸುವ ಅಧಿಕಾರ ಇನ್ನೊಂದು. ಮೊದಲನೆಯದು ಓದಿನಿಂದ, ಪರಂಪರೆಯಿಂದ, ವಾದದಿಂದ ಬರುತ್ತದೆ. ಎದುರಾಳಿ ಅದನ್ನು ಒಪ್ಪದೆ ಎದ್ದು ಹೋಗಬಹುದು. ಎರಡನೆಯದರ ಹಿಂದೆ ಪೊಲೀಸರೂ ಸೆರೆಮನೆಯೂ ಇವೆ. ಈ ಎರಡೂ ಒಂದೇ ಕೈಗೆ ಸೇರಿದರೆ ಓದು ಆಜ್ಞೆಯಾಗುತ್ತದೆ, ಆಜ್ಞೆ ದೇವರ ಮಾತಾಗುತ್ತದೆ, ಪ್ರಶ್ನೆ ಕೇಳಿದವರು ದೇಶದ್ರೋಹಿಗಳೂ ಧರ್ಮದ್ರೋಹಿಗಳೂ ಆಗುತ್ತಾರೆ.

ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ಇದಕ್ಕೆ ಬಲವಾದ ಉದಾಹರಣೆ ರೋಮಾಪುರದವರಿಗೆ ಪೌಲ ಬರೆದ ಪತ್ರಿಕೆಯ 13ನೆಯ ಅಧ್ಯಾಯ. ಆಳುವವರಿಗೆ ಅಧೀನರಾಗಿರಿ, ಅಧಿಕಾರ ದೇವರಿಂದ ಬಂದದ್ದು ಎಂಬುದು ಅದರ ಮೊದಲ ಸಾಲುಗಳ ತಾತ್ಪರ್ಯ. ಹಿಟ್ಲರನ ಜರ್ಮನಿಯಲ್ಲಿ ಪ್ರಭುತ್ವಕ್ಕೆ ತಲೆಬಾಗಿದ ಕ್ರೈಸ್ತರು ಈ ಸಾಲುಗಳನ್ನು ಆಧಾರವಾಗಿ ಹಿಡಿದರು. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ಬೆಂಬಲಿಗರೂ ಹಿಡಿದರು. ಆ ನಾಡಿನ ದೇವಶಾಸ್ತ್ರಜ್ಞರು 1985ರ ಕೈರೋಸ್ ದಸ್ತಾವೇಜಿನಲ್ಲಿ ಇಂಥ ಓದನ್ನು ಪ್ರಭುತ್ವದ ದೇವಶಾಸ್ತ್ರವೆಂದು ಕರೆದು ಖಂಡಿಸಿದರು.

ಈ ಜಗಳವನ್ನು ಬಿಡಿಸಲು ನಮ್ಮ ಮೀಮಾಂಸಕರ ಒಂದು ಉಪಕರಣ ಚೆನ್ನಾಗಿ ಒದಗುತ್ತದೆ. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಅವರು ಆರು ಗುರುತುಗಳನ್ನು ಹೇಳುತ್ತಾರೆ: ಉಪಕ್ರಮ ಮತ್ತು ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಮೊದಲನೆಯದನ್ನಷ್ಟೇ ಇಲ್ಲಿ ಹಚ್ಚಿ ನೋಡಬಹುದು. ಪೌಲನ ಆ ಮಾತಿಗೆ ಮೊದಲು, 12ನೆಯ ಅಧ್ಯಾಯದ ಕೊನೆಯಲ್ಲಿ, ಮುಯ್ಯಿಗೆ ಮುಯ್ಯಿ ತೀರಿಸಬೇಡಿ, ಕೇಡನ್ನು ಒಳಿತಿನಿಂದ ಗೆಲ್ಲಿ ಎಂಬ ಬೋಧೆಯಿದೆ. ಆ ಮಾತಿನ ನಂತರ, ಪರಸ್ಪರ ಪ್ರೀತಿಯ ಹೊರತು ಯಾರಿಗೂ ಬೇರೆ ಸಾಲ ಉಳಿಸಿಕೊಳ್ಳಬೇಡಿ ಎಂಬುದು ಬರುತ್ತದೆ. ನಡುವೆ, ಆಳುವವನು ನಿನ್ನ ಹಿತಕ್ಕಾಗಿ ಇರುವ ದೇವರ ಸೇವಕ ಎನ್ನುತ್ತಾನೆ ಪೌಲ. ಹಿತವನ್ನೇ ತುಳಿಯುವ ಪ್ರಭುತ್ವಕ್ಕೂ ಈ ಮಾತು ಸಲ್ಲುತ್ತದೆಯೇ? ಮೊದಲು ಕೊನೆಗಳನ್ನು ಕತ್ತರಿಸಿ ಓದಿದವರಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಪೇತ್ರ ಮತ್ತು ಅಪೊಸ್ತಲರು ನ್ಯಾಯಸಭೆಯ ಮುಂದೆ ಹೇಳಿದ್ದೂ ಅದೇ ಬೈಬಲಿನಲ್ಲಿದೆ. ಪ್ರಭುತ್ವವನ್ನು ಕ್ರೂರಮೃಗವಾಗಿ ಕಂಡ ಪ್ರಕಟನೆಯ ಪುಸ್ತಕವೂ ಅದರಲ್ಲೇ ಇದೆ.

1934ರ ಮೇ ತಿಂಗಳಲ್ಲಿ ಜರ್ಮನಿಯ ಬಾರ್ಮೆನ್‌ನಲ್ಲಿ ಸೇರಿದ ಕ್ರೈಸ್ತರು ಹೊರಡಿಸಿದ ಘೋಷಣೆಯ ಬಹುಭಾಗವನ್ನು ಬರೆದವನು ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್. ಅದರ ಐದನೆಯ ನಿರ್ಣಯ ಇಂದಿಗೂ ಓದಬೇಕಾದದ್ದು. ನ್ಯಾಯವನ್ನೂ ಶಾಂತಿಯನ್ನೂ ಕಾಯುವುದು ಪ್ರಭುತ್ವದ ಕೆಲಸ; ಮನುಷ್ಯಜೀವನದ ಸಮಸ್ತವನ್ನೂ ತಾನೇ ಆವರಿಸಲು ಅದು ಹೊರಡಬಾರದು ಎನ್ನುತ್ತದೆ ಆ ನಿರ್ಣಯ. ಅಷ್ಟಕ್ಕೇ ನಿಲ್ಲದೆ, ಸಭೆಯೂ ಪ್ರಭುತ್ವದ ಕೆಲಸವನ್ನು ಮೈಮೇಲೆ ಹಾಕಿಕೊಂಡು ಅದರ ಅಂಗವಾಗಬಾರದು ಎನ್ನುತ್ತದೆ. ಬಾರ್ಮೆನ್ನಿನ ದೊಡ್ಡತನ ಇರುವುದು ಈ ಎರಡನೆಯ ಮಾತಿನಲ್ಲಿ. ತನ್ನ ಕೈಯನ್ನೂ ತಾನೇ ಕಟ್ಟಿಕೊಳ್ಳುವ ಧಾರ್ಮಿಕ ಸಂಸ್ಥೆಗಳು ಅಪರೂಪ.

ರಾಜಕೀಯದ ಬಗ್ಗೆ ಸಭೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ಇದರ ಅರ್ಥವಲ್ಲ. ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ, ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿಯೇ ಇದ್ದ ಕ್ರೈಸ್ತ ಸಂಸ್ಥೆಯನ್ನು ಪಿ.ಡಿ. ದೇವನಂದನ್ ಅವರ ನಂತರ ನಡೆಸಿದವರು ಎಂ.ಎಂ. ಥಾಮಸ್. 1975ರಲ್ಲಿ ತುರ್ತು ಪರಿಸ್ಥಿತಿ ಬಂದಾಗ ಹಲವು ಚರ್ಚ್ ನಾಯಕರು ಮೌನವಾಗಿದ್ದರು. ಥಾಮಸ್ ಬರೆದರು, ಆ ಬರಹಗಳು ಮುಂದೆ ದಬ್ಬಾಳಿಕೆಗೆ ಪ್ರತಿಕ್ರಿಯೆಯೆಂಬ ಅರ್ಥದ ಹೆಸರಿನಲ್ಲೇ ಪುಸ್ತಕವಾದವು. ಮಾರ್ ಥೋಮಾ ಸಭೆಯ ಮುಖ್ಯಸ್ಥ ಯೂಹಾನೋನ್ ಮಾರ್ ಥೋಮಾ ಅವರು ಪ್ರಧಾನಿಗೇ ಪತ್ರ ಬರೆದರು. ಇವರಿಬ್ಬರೂ ಕುರ್ಚಿ ಕೇಳಲಿಲ್ಲ. ತಮ್ಮ ಗ್ರಂಥವನ್ನು ಓದಿ, ಆ ಓದಿನ ಹೊಣೆಯನ್ನು ತಾವೇ ಹೊತ್ತು ಮಾತಾಡಿದರು. ಧಾರ್ಮಿಕ ಸಂಸ್ಥೆಗೆ ರಾಜಕೀಯದಲ್ಲಿ ಪಾತ್ರವೊಂದಿದ್ದರೆ ಅದು ಇದು.

ಇನ್ನು ಪ್ರಭುತ್ವದ ಕಡೆಯಿಂದ. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಂದು ಧರ್ಮಕ್ಕೆ ಅತ್ಯಗತ್ಯವಾದದ್ದು ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದಿತು. ಉದ್ದೇಶ ಒಳ್ಳೆಯದೇ. ಆದರೆ ಆ ತಿಳಿಯುವ ಕೆಲಸ ಕೊನೆಗೆ ನ್ಯಾಯಾಧೀಶರ ಮೇಜಿಗೇ ಬಂದು ಬಿತ್ತು. ಮೂರು ವರ್ಷಗಳ ನಂತರ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಮೊಕದ್ದಮೆಯಲ್ಲಿ ನ್ಯಾಯಾಲಯ ಆಗಮಗಳನ್ನೇ ಬಿಚ್ಚಿ ಕೂತಿತು. ದೇವಸ್ಥಾನಕ್ಕೆ ಯಾರು ಬರಬಹುದೆಂಬುದು ಧರ್ಮದ ವಿಷಯವೇ ಹೌದು ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೂ, ಹಿಂದೂಗಳ ಎಲ್ಲ ವರ್ಗಗಳಿಗೆ ದೇಗುಲ ತೆರೆಯುವ ಸಂವಿಧಾನದ 25ನೆಯ ವಿಧಿ ಮೇಲೆಂದು ತೀರ್ಪಿತ್ತಿತು. ಕೆಲವು ವಿಶೇಷ ಸೇವೆಗಳನ್ನು ಮಾತ್ರ ದೇವಸ್ಥಾನವನ್ನು ನಡೆಸುವ ಪಂಗಡಕ್ಕೇ ಬಿಟ್ಟಿತು. ದಲಿತರಿಗೆ ಬಾಗಿಲು ತೆರೆದದ್ದು ಆಗಮದ ಹೊಸ ವ್ಯಾಖ್ಯಾನವಲ್ಲ, ಪ್ರಜೆಯ ಹಕ್ಕು. ಹಾಗಿದ್ದರೆ ಆಗಮ ಬಿಚ್ಚುವ ಅಗತ್ಯವಾದರೂ ಏನಿತ್ತು?

2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಕುರಾನಿನ ಅನುವಾದ ಮತ್ತು ಟಿಪ್ಪಣಿಯ ಆಧಾರದ ಮೇಲೆ ಹೇಳಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅವರಲ್ಲಿ ಸುಧಾಂಶು ಧೂಲಿಯಾ ಅವರು, ಈ ವ್ಯಾಜ್ಯಕ್ಕೆ ಅತ್ಯಗತ್ಯ ಆಚರಣೆಯ ಪ್ರಶ್ನೆಯೇ ಬೇಕಿರಲಿಲ್ಲ ಎಂದರು. ಹಿಜಾಬಿನ ಬಗ್ಗೆ ಯಾರ ನಿಲುವು ಏನೇ ಇರಲಿ, ಈ ಮಾತು ತೂಕದ್ದು. ವಿದ್ಯಾರ್ಥಿನಿಯ ಹಕ್ಕು ಮತ್ತು ಶಾಲೆಯ ಶಿಸ್ತನ್ನು ನ್ಯಾಯಾಲಯ ತೂಗಬಲ್ಲದು. ಕುರಾನಿನ ತಾತ್ಪರ್ಯವನ್ನು ತೂಗುವ ತಕ್ಕಡಿ ಅದರ ಬಳಿಯಿಲ್ಲ.

ಗುಡಿ, ಚರ್ಚು, ಮಸೀದಿ, ಮಠಗಳ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದೆಂದು 1988ರ ಕಾನೂನೊಂದು ಹೇಳುತ್ತದೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆಯೆಂದು 1951ರ ಜನಪ್ರತಿನಿಧಿ ಕಾಯ್ದೆ ಸಾರುತ್ತದೆ. ಕಾನೂನು ಅಷ್ಟನ್ನು ಮಾಡಬಹುದು. ಓದುವ ಕೆಲಸ ಜನರದ್ದೇ. ಚುನಾವಣೆಯ ದಿನಗಳಲ್ಲಿ ಗುರುವೋ ಪಾದ್ರಿಯೋ ಮೌಲ್ವಿಯೋ ಒಂದು ಸಾಲನ್ನು ಎತ್ತಿ ಹೇಳಿದರೆ, ಅದರ ಹಿಂದಿನ ಮುಂದಿನ ಅಧ್ಯಾಯಗಳನ್ನೂ ಓದಿ ಹೇಳಿ ಎಂದು ಅಲ್ಲೇ, ಎಲ್ಲರ ಎದುರಿಗೆ, ಕೇಳಿ.