ಉದ್ಯಾಪನೆ ಇಲ್ಲದ ವ್ರತ

ವ್ರತ ಹಿಡಿಯುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಮಂಗಳಗೌರಿ ವ್ರತ ಹಿಡಿದವರು 5 ವರ್ಷ ಶ್ರಾವಣದ ಮಂಗಳವಾರಗಳನ್ನು ತಪ್ಪಿಸದೆ ನಡೆಸಿ, ಉದ್ಯಾಪನೆ ಮಾಡಿ, ಬಾಗಿನ ಕೊಟ್ಟು ಮುಗಿಸುತ್ತಾರೆ. ಗಂಡಸರೂ ಕಡಿಮೆಯಿಲ್ಲ. ನವೆಂಬರ್ ನಡುವಿಗೆ ಬಂತೆಂದರೆ ವಿಜಯನಗರ, ರಾಜಾಜಿನಗರದ ಬೀದಿಗಳಲ್ಲಿ ಕಪ್ಪು ಪಂಚೆಯುಟ್ಟ ಅಯ್ಯಪ್ಪ ಮಾಲಾಧಾರಿಗಳು ಕಾಣಿಸುತ್ತಾರೆ. 41 ದಿನ ತಣ್ಣೀರ ಸ್ನಾನ, ಚಾಪೆಯ ಮೇಲೆ ನಿದ್ದೆ. ಕುಡಿತವಿಲ್ಲ, ಸಿಗರೇಟಿಲ್ಲ, ಕೆಟ್ಟ ಮಾತಿಲ್ಲ. ಮಾಲೆ ಬಿಚ್ಚಿದ ವಾರದೊಳಗೆ ಕೆಲವರು ಮತ್ತೆ ಹಳೆಯ ಅಂಗಡಿಯ ಮುಂದೆ ನಿಂತಿರುತ್ತಾರೆ.

ಇದನ್ನು ಕಂಡು ನಗುವವರುಂಟು. ನನಗೆ ನಗು ಬರುವುದಿಲ್ಲ. 41 ದಿನ ಬಿಟ್ಟಿರಬಲ್ಲವನಿಗೆ ಬಿಡುವ ಶಕ್ತಿ ಇದೆ ಎಂದೇ ಅರ್ಥವಲ್ಲವೆ? ಹಾಗಾದರೆ 42ನೆಯ ದಿನ ಆ ಶಕ್ತಿ ಎಲ್ಲಿ ಹೋಯಿತು?

ಮಾಲೆ ಹಾಕಿದವನನ್ನು ಊರೆಲ್ಲ ‘ಸ್ವಾಮಿ’ ಎನ್ನುತ್ತದೆ. ಮನೆಯಲ್ಲಿ ಅವನಿಗಾಗಿ ಬೇರೆ ಅಡುಗೆಯಾಗುತ್ತದೆ. ಎಷ್ಟು ದಿನವೆಂಬ ಲೆಕ್ಕವೂ ಇರುತ್ತದೆ. ಮಾಲೆ ಬಿಚ್ಚಿದ ಮೇಲೆ ಇದಾವುದೂ ಇಲ್ಲ. ವ್ರತ ಇನ್ನೊಬ್ಬರ ಕಣ್ಣಿನ ಆಸರೆಯಲ್ಲಿ ನಿಲ್ಲುತ್ತದೆ. ಅಭ್ಯಾಸ ಯಾರೂ ನೋಡದಾಗಲೂ ನಿಲ್ಲಬೇಕು.

21 ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ ಹರಡಿದ ಮಾತಿದು. ಮುಖದ ಶಸ್ತ್ರಚಿಕಿತ್ಸೆಯಾದವರಿಗೆ ಹೊಸ ಮುಖ ಒಗ್ಗಲು ಕಡೇಪಕ್ಷ 21 ದಿನ ಬೇಕು ಎಂದಷ್ಟೇ ಆತ ಹೇಳಿದ್ದು. ‘ಕಡೇಪಕ್ಷ’ ಎಂಬುದು ಬಾಯಿಂದ ಬಾಯಿಗೆ ಬರುವಾಗ ಬಿದ್ದುಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡುಮಟ್ಟದ ಲೆಕ್ಕ 66 ದಿನ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾದೀತು. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಹಾಳಾಗುವುದಿಲ್ಲ ಎಂದೂ ಅವರು ಕಂಡುಕೊಂಡರು. ವ್ರತಕ್ಕೆ ಭಂಗವುಂಟು. ಅಭ್ಯಾಸಕ್ಕೆ ನಾಳೆ ಎಂಬುದೊಂದುಂಟು. ಎಷ್ಟು ಸಮಾಧಾನದ ಮಾತಿದು!

ಆದರೆ ದಿನ ಎಣಿಸಿದ ಮಾತ್ರಕ್ಕೆ ಎಲ್ಲ ಬದಲಾವಣೆಯೂ ಕೈಗೆ ಬರುವುದಿಲ್ಲ. ನಮ್ಮ ಬೆಂಗಳೂರಿನ ಕಸದ ಕಥೆಯನ್ನೇ ನೋಡಿ. 2012ರಲ್ಲಿ ಮಾವಳ್ಳಿಪುರದವರು ನಿಮ್ಮ ಕಸ ನಮಗೆ ಸಾಕು ಎಂದರು. 2014ರಲ್ಲಿ ಮಂಡೂರಿನವರೂ ಅದನ್ನೇ ಹೇಳಿದರು. ಆಮೇಲೆ ಮಾಗಡಿ ರಸ್ತೆಯ ಕಡೆಯ ಕನ್ನಳ್ಳಿ, ಸೀಗೇಹಳ್ಳಿಯವರು ಮೂಗು ಮುಚ್ಚಿಕೊಳ್ಳಬೇಕಾಯಿತು. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂದು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2012ರಲ್ಲೇ ಕಡ್ಡಾಯ ಮಾಡಿತ್ತು. 2015ರ ಡಿಸೆಂಬರಿನಲ್ಲಿ ಹೈಕೋರ್ಟೇ ವಿವರಿಸಿ ಹೇಳಿತು: ಹಸಿ ಕಸಕ್ಕೆ ಹಸಿರು ಡಬ್ಬ, ಪ್ಯಾಡು, ಡೈಪರು, ಬ್ಯಾಂಡೇಜಿನಂಥವಕ್ಕೆ ಕೆಂಪು ಡಬ್ಬ, ಒಣ ಕಸಕ್ಕೊಂದು ಚೀಲ. 254 ದಿನಗಳು ಎಷ್ಟೋ ಸಲ ಕಳೆದಿವೆ. ಇಂದಿಗೂ ಎಲ್ಲವನ್ನೂ ಒಂದೇ ಕವರಿಗೆ ಕಟ್ಟಿ, ಕತ್ತಲಾದ ಮೇಲೆ ರಸ್ತೆಯ ಮೂಲೆಗೆ ಎಸೆದು ಹೋಗುವವರು ಇದ್ದಾರೆ.

ನಮಗೇನು ಶುಚಿಯ ಅಭ್ಯಾಸವಿಲ್ಲವೆ? ಬೆಳಗಾದರೆ ಬಾಗಿಲು ಸಾರಿಸಿ ರಂಗೋಲಿ ಇಡದೆ ಒಲೆ ಹಚ್ಚದ ಮನೆಗಳು ನಮ್ಮವು. ಮಡಿ, ಮೈಲಿಗೆ, ಎಂಜಲು, ಮುಸುರೆ ಎಂದು ಎಷ್ಟು ನೇಮ! ಆ ನೇಮವೆಲ್ಲ ಹೊಸ್ತಿಲಿಗೆ ಬಂದು ನಿಂತುಬಿಡುತ್ತದೆ. ಹೊಸ್ತಿಲು ದಾಟಿದ ಕಸ ನಮ್ಮದಲ್ಲ. ಹಾಗಾಗಿ ನಮಗೆ ಅಭ್ಯಾಸದ ಬಲ ಸಾಲದೆಂದಲ್ಲ, ‘ನಮ್ಮದು’ ಎಂಬ ಮಾತಿನ ಅಳತೆ ಸಾಲದು. ಒಡೆದ ಗಾಜನ್ನು ಹಾಗೇ ಎಸೆದರೆ ಕುಯ್ಯುವುದು ಪೌರಕಾರ್ಮಿಕಳ ಕೈಯನ್ನು. ಈ ಕೆಲಸದಲ್ಲಿರುವವರು ಹೆಚ್ಚಿನಂಶ ಹೆಂಗಸರೇ. ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿಡಿ ಎಂಬ ಸೂಚನೆಯ ಹಿಂದೆ ಇರುವುದೂ ಆ ಕೈಯೇ.

ಹೊಸ್ತಿಲೊಳಗೂ ಒಂದು ಮಾತಿದೆ. ‘ನಮ್ಮ ಮನೆಯಲ್ಲಿ ಕಸ ಬೇರೆ ಮಾಡುತ್ತೇವೆ’ ಎಂದು ಯಜಮಾನರು ಹೇಳುತ್ತಾರೆ. ಅಮ್ಮ ನಾಲ್ಕು ದಿನ ತವರಿಗೆ ಹೋಗಿಬರಲಿ, ಹಾಲಿನ ಕವರು, ಬಾಳೆಹಣ್ಣಿನ ಸಿಪ್ಪೆ ಒಂದೇ ಡಬ್ಬದಲ್ಲಿ ಕೂತಿರುತ್ತವೆ. ಅದು ಮನೆಯ ಅಭ್ಯಾಸವಾಗಿರಲಿಲ್ಲ, ಒಬ್ಬಳ ದುಡಿಮೆಯಾಗಿತ್ತು. ಶಾಲೆಯಲ್ಲಿ ನಾನು ಕಂಡಂತೆ, ತನ್ನ ಪೆನ್ಸಿಲ್ಲಿನ ಹೊಟ್ಟನ್ನು ತಾನೇ ಡಬ್ಬಕ್ಕೆ ಹಾಕಿದ ಮಗುವಿಗೆ ಆ ಅಭ್ಯಾಸ ಬೇಗ ಬರುತ್ತದೆ. ಅದೇ ಮಗುವಿನ ತಟ್ಟೆಯನ್ನು ಮನೆಯಲ್ಲಿ ಬೇರೆಯವರು ಎತ್ತುತ್ತಾರೆ. ಒಬ್ಬರ ಅಭ್ಯಾಸವನ್ನು ಇನ್ನೊಬ್ಬರು ಮಾಡಿಕೊಡಲಾಗದು. ಹಾಗೆ ಮಾಡಿಕೊಡುವ ಅಕ್ಕರೆಯನ್ನು ನಾವು ತಾಯಂದಿರು ಸ್ವಲ್ಪ ಬಿಡಬೇಕು. ಡಬ್ಬದ ಮುಂದೆ ಗಂಡ, ಮಗ, ಮಗಳು ಎಲ್ಲರೂ ಒಂದು ಕ್ಷಣ ನಿಲ್ಲಲಿ.

ಯೋಚನೆಯೇ ಇಲ್ಲದೆ ಕೈ ತಾನಾಗಿ ಮಾಡುವ ಕೆಲಸದಲ್ಲಿ ಒಳ್ಳೆಯತನವೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಸಿಪ್ಪೆ ಹಸಿರು ಡಬ್ಬಕ್ಕೆ, ಕವರು ಚೀಲಕ್ಕೆ ತಾನಾಗಿ ಹೋದರೆ ಅದರಲ್ಲಿ ಏನು ಪುಣ್ಯ? ಪ್ರಶ್ನೆ ಸುಳ್ಳಲ್ಲ. ಕಾರಣ ಮರೆತ ಅಭ್ಯಾಸ ಇನ್ನೊಂದು ಮಡಿಯಾಗಿಬಿಡುತ್ತದೆ. ಆದರೆ ದಿನವೂ ಹೊಸದಾಗಿ ಯೋಚಿಸಿಯೇ ಒಳ್ಳೆಯವರಾಗುತ್ತೇವೆಂದರೆ, ದಣಿದು ಮನೆಗೆ ಬಂದ ಸಂಜೆ ನಮ್ಮಿಂದ ಒಳ್ಳೆಯದು ಆಗುವುದೇ ಇಲ್ಲ. ಮೊದಲ ದಿನ ಕಾಣದ ಒಬ್ಬಾಕೆಯ ಕೈಯನ್ನು ನೆನೆದು ನಿರ್ಧಾರ ಮಾಡಿದರಾಯಿತು. ದಣಿದ ಸಂಜೆಯಲ್ಲೂ ಆ ನಿರ್ಧಾರವನ್ನು ಕಾಯುವುದು ಅಭ್ಯಾಸದ ಕೆಲಸ. ನಡುನಡುವೆ ಆ ಕೈಯನ್ನು ಮತ್ತೆ ನೆನೆಯುವುದು ಮಾತ್ರ ನಮ್ಮ ಕೆಲಸ.

ಇದಕ್ಕೆ ಯಾರೂ ‘ಸ್ವಾಮಿ’ ಎನ್ನುವುದಿಲ್ಲ, ಬಾಗಿನವೂ ಬರುವುದಿಲ್ಲ. ಉದ್ಯಾಪನೆಯಂತೂ ಇಲ್ಲವೇ ಇಲ್ಲ. ಬೆಳಗ್ಗೆ ಕಸದ ಆಟೋ ಬಂದಾಗ ಚೀಲ, ಡಬ್ಬ ಹಿಡಿದು ನಿಲ್ಲುವುದಷ್ಟೇ. ನಾಳೆ ಬೆಳಗ್ಗೆಯೂ ಅಷ್ಟೇ.