ಹಳೆಯದೆಲ್ಲ ಹಿರಿದೇ?

ಮೆಕ್ಸಿಕೋದ ಹಾಲಿಸ್ಕೋ ಸೀಮೆಯ ಹೆಸರಾಂತ ಮದ್ಯ ಟಕೀಲಾ. ನಮ್ಮ ಬೇಲಿಯ ಕತ್ತಾಳೆಯ ಬಂಧುವಾದ ನೀಲಿ ಕತ್ತಾಳೆಯ ದಿಂಡನ್ನು ಬೇಯಿಸಿ, ರಸವನ್ನು ಹುಳಿಯಿಸಿ, ಭಟ್ಟಿ ಇಳಿಸಿದ್ದು. ಓಕ್ ಪೀಪಾಯಿಯಲ್ಲಿ ವರ್ಷ ಕಳೆದರೆ ಅದು ‘ಅನ್ಯೆಹೋ’. ಮೂರು ವರ್ಷ ಕಳೆದದ್ದಕ್ಕೆ 2006ರಿಂದ ‘ಎಕ್ಸ್‌ಟ್ರಾ ಅನ್ಯೆಹೋ’ ಎಂಬ ಬಿರುದು.

ಹೊಂಬಣ್ಣ ಕಂಡೊಡನೆ ನಾವು ಹಿರಿತನಕ್ಕೆ ಕೈಮುಗಿಯುತ್ತೇವೆ. ಆದರೆ ಅಲ್ಪ ಪ್ರಮಾಣದಲ್ಲಿ ಕ್ಯಾರಮೆಲ್ ಬಣ್ಣ ಬೆರೆಸಲು ಅಲ್ಲಿನ ನಿಯಮವೇ ಒಪ್ಪುತ್ತದೆ. ಆದ್ದರಿಂದ ಬಲ್ಲವನು ಲೇಬಲನ್ನು ಮರೆಮಾಡಿ, ಮೂಸಿ, ಗುಟುಕನ್ನು ನಾಲಗೆಯ ಮೇಲೆ ತಡೆದು, ಓಕಿನ ವೆನಿಲ್ಲಾ ಘಮದಡಿ ಕತ್ತಾಳೆ ಇನ್ನೂ ಉಳಿದಿದೆಯೇ ಎಂದು ಹುಡುಕುತ್ತಾನೆ. ಮರವೇ ಎಲ್ಲವನ್ನೂ ನುಂಗಿದ್ದರೆ ಅದು ಮಾಗಲಿಲ್ಲ, ಮುಚ್ಚಿಹೋಯಿತು.

ಬೆಲೆ ತಿಳಿದ ಮೇಲೆ ರುಚಿ ಹೆಚ್ಚಿತೆನ್ನುವ ನಾಲಗೆ ಸುಳ್ಳುಸಾಕ್ಷಿ. ಮನುಷ್ಯರನ್ನು ತೂಗುವಾಗಲೂ ಅಷ್ಟೆ. ನರೆಗೆ ನಮಸ್ಕಾರ ಸಲ್ಲಲಿ. ತೀರ್ಪು ಮಾತ್ರ ಮಾಗಿದ್ದಕ್ಕೇ ಸಲ್ಲಬೇಕು.